ಬಂಗಿಗೆ ಲೇಸರ್ ಮಾಡಿಸಿದವರು ಯಾರಾದ್ರೂ ಇದ್ದೀರಾ? ಆರು ಸಿಟ್ಟಿಂಗ್ ಪ್ಯಾಕೇಜ್ ಅಂತೆ

ಬದಿಯಡ್ಕದ ಟೀಚರ್

ಎಲ್ಲರಿಗೂ ನಮಸ್ಕಾರ. ನನಗೆ 39 ವರ್ಷ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ ಟೀಚರ್. ಮುಖ, ಕುತ್ತಿಗೆ ಸೇರಿ ನನಗೆ ಮೂರು ತರಹದ ಕಲೆ ಉಂಟು. ಮೂರನ್ನೂ ಒಟ್ಟಿಗೆ ಬರೆಯುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಮೊದಲನೆಯದು ಬಂಗು. ಎರಡೂ ಕೆನ್ನೆಯಲ್ಲಿ, ಮೂಗಿನ ಮೇಲೆ ಸ್ವಲ್ಪ. ಎರಡನೇ ಬಸಿರಿನಲ್ಲಿ ಶುರುವಾದದ್ದು. "ಹೆತ್ತ ಮೇಲೆ ತಾನಾಗಿ ಹೋಗ್ತದೆ" ಅಂತ ಅತ್ತೆಯೂ ಹೇಳಿದರು, ನರ್ಸಮ್ಮನೂ ಹೇಳಿದರು. ಮಗಳು ಈಗ ನಾಲ್ಕನೇ ಕ್ಲಾಸು. ಬಂಗು ಇನ್ನೂ ಉಂಟು. ಮಳೆಗಾಲದಲ್ಲಿ ಸ್ವಲ್ಪ ತಿಳಿಯಾಗುತ್ತದೆ, ಮಾರ್ಚಿನಲ್ಲಿ ಮಕ್ಕಳಿಗೆ ಪರೀಕ್ಷೆ ಬರುವ ಹೊತ್ತಿಗೆ ಮತ್ತೆ ಕಪ್ಪು.

ಎರಡನೆಯದು ಗದ್ದದ ಹತ್ತಿರ ಬೆರಳುದ್ದದ ಒಂದು ಗೆರೆ. ಇದು ಗೇರುಬೀಜದ ಉಡುಗೊರೆ. ಕಳೆದ ಏಪ್ರಿಲಿನಲ್ಲಿ ತವರಿನ ಅಂಗಳದಲ್ಲಿ ತಗಡಿನ ಮೇಲೆ ಬೀಜ ಸುಡುತ್ತಿದ್ದೆವು. ಒಂದು ಬೀಜ ಚಟ್ ಅಂತ ಸಿಡಿದು ಅದರ ಎಣ್ಣೆ ಮುಖಕ್ಕೆ ಹಾರಿತು. ಸೆರಗಿನಲ್ಲಿ ಒರೆಸಿಕೊಂಡೆ, ಬೀಜ ಒಡೆದು ತಿಂದೆ. ಮರುದಿನ ಎದ್ದು ನೋಡಿದರೆ ಗುಳ್ಳೆ. ವಾರದಲ್ಲಿ ಗುಳ್ಳೆ ಒಣಗಿತು, ಗೆರೆ ಮಾತ್ರ ಉಳಿಯಿತು.

ಮೂರನೆಯದು ಕುತ್ತಿಗೆಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಸಣ್ಣ ಕಪ್ಪು ಉಬ್ಬುಗಳು. ಅಮ್ಮನಿಗೂ ಉಂಟು. ಸರ ಹಾಕಿದರೆ ಸಿಕ್ಕಿಕೊಳ್ಳುತ್ತದೆ.

ಮೇ ತಿಂಗಳಲ್ಲಿ ತಮ್ಮನ ಮದುವೆ. ಅದಕ್ಕೆ ಮೊದಲು ಏನಾದರೂ ಮಾಡೋಣ ಅಂತ ಒಂದು ಸ್ಕಿನ್ ಕ್ಲಿನಿಕ್ಕಿಗೆ ಹೋದೆ. ಹೆಸರು ಬೇಡ. ಎಸಿ ಜೋರು, ಗೋಡೆ ತುಂಬ ಕಲೆಯಿಲ್ಲದ ಮುಖಗಳ ಫೋಟೋ. ಕೌಂಟರಿನ ಹುಡುಗಿ ನನ್ನ ಮುಖವನ್ನು ಎರಡು ನಿಮಿಷ ನೋಡಿದಳು. "ಮೂರಕ್ಕೂ ಲೇಸರ್ ಮಾಡ್ಬಹುದು ಮಾಮ್. ಆರು ಸಿಟ್ಟಿಂಗ್, 24,000. ಇವತ್ತೇ ಅಡ್ವಾನ್ಸ್ ಕೊಟ್ಟರೆ 18,000." ಡಾಕ್ಟ್ರು ಎಲ್ಲಿ ಅಂತ ಕೇಳಿದೆ. "ಸಿಟ್ಟಿಂಗ್ ದಿನ ಬರ್ತಾರೆ" ಅಂದಳು. ಸಹಿ ಹಾಕಲು ಎರಡು ಪುಟದ ಫಾರ್ಮ್ ಕೊಟ್ಟಳು, ಪೂರ್ತಿ ಮಲಯಾಳದಲ್ಲಿ. ನನಗೆ ಬಸ್ಸಿನ ಬೋರ್ಡ್ ಓದುವಷ್ಟು ಮಲಯಾಳ ಬರುತ್ತದೆ. ಮುಖ ಸುಟ್ಟರೆ ಯಾರು ಹೊಣೆ ಅಂತ ಓದಿ ತಿಳಿಯುವಷ್ಟು ಬರುವುದಿಲ್ಲ. ಮನೆಯವರನ್ನು ಕೇಳಿ ಹೇಳ್ತೇನೆ ಅಂತ ಎದ್ದು ಬಂದೆ. (ಮನೆಯವರನ್ನು ಕೇಳಿದೆ. "ನಿನಗೆಂಥದು ಆಗಿದೆ, ಚೆನ್ನಾಗೇ ಇದ್ದೀಯಲ್ಲ" ಅಂದರು, ಪೇಪರಿನಿಂದ ತಲೆ ಎತ್ತದೆ.)

ನಿಜವಾಗಿ ಮಾಡಿಸಿದವರು ಹೇಳಿ. ಬಂಗು ಹೋಗುತ್ತದಾ? ಮೂರಕ್ಕೂ ಒಂದೇ ಮೆಷಿನ್ ಸಾಕಾಗ್ತದಾ?

ಅಡ್ಕದ ಮನೆ

ಟೀಚರೇ, ಲೇಸರ್ ಗೀಸರ್ ಎಲ್ಲ ಯಾಕೆ? ರಕ್ತಚಂದನ ಹಾಲಿನಲ್ಲಿ ತೇಯ್ದು ಹಚ್ಚಿ. ನಮ್ಮ ಅಮ್ಮನಿಗೆ ಕಡಿಮೆ ಆಗಿತ್ತು. ಅರ್ಜೆಂಟ್ ಇದ್ದರೆ ಭಾವ ಗಲ್ಫಿನಿಂದ ಒಂದು ಕ್ರೀಮ್ ತರ್ತಾರೆ, ಡಬ್ಬಿ ಮೇಲೆ ಅರಬ್ಬಿಯಲ್ಲಿ ಬರೆದದ್ದು. ಹದಿನೈದು ದಿನದಲ್ಲಿ ನನ್ನ ಹೆಂಡತಿಯ ಮುಖ ಬೆಳ್ಳಗಾಗಿದೆ. ಬೇಕಾದರೆ ಹೇಳಿ, ಒಂದು ಡಬ್ಬಿ ತರಿಸುತ್ತೇನೆ.

ಉಪ್ಪಳದಕ್ಕ

ಅಣ್ಣಾ, ನಿಮ್ಮ ರಕ್ತಚಂದನ ಇರಲಿ, ಆ ಡಬ್ಬಿಯನ್ನು ಮಾತ್ರ ಇವತ್ತೇ ಬಿಸಾಡಿಸಿ. 2023ರಲ್ಲಿ ಮಲಪ್ಪುರದಲ್ಲಿ ಇಂಥ ಬೆಳ್ಳಗಾಗುವ ಕ್ರೀಮ್ ಹಚ್ಚಿದವರಿಗೆ ಕಿಡ್ನಿ ತೊಂದರೆ ಬಂದದ್ದು ಪೇಪರಿನಲ್ಲೆಲ್ಲ ಬಂದಿತ್ತು. ಕಾರಣ ಕ್ರೀಮಿನೊಳಗಿನ ಪಾದರಸ. ಹದಿನೈದು ದಿನದಲ್ಲಿ ಬೆಳ್ಳಗಾಯಿತು ಅಂದರೆ ಖುಷಿ ಪಡುವ ವಿಷಯ ಅಲ್ಲ, ಹೆದರುವ ವಿಷಯ. ಅತ್ತಿಗೆಗೆ ಕಾಲು ಬಾತರೆ, ಮೂತ್ರದಲ್ಲಿ ನೊರೆ ಬಂದರೆ ಕಾಯಬೇಡಿ, ಡಾಕ್ಟ್ರ ಹತ್ತಿರ ಕರೆದುಕೊಂಡು ಹೋಗಿ.

ಟೀಚರೇ, ಈಗ ನಿಮಗೆ. ನಾನು ಬಂಗಿಗೆ ಲೇಸರ್ ಮಾಡಿಸಿದವಳು. ಟೈಲರಿಂಗ್ ಅಂಗಡಿ ನನ್ನದು. ದಿನಕ್ಕೆ ನೂರು ಸಲ ನಿಲುಗನ್ನಡಿ ಎದುರು ನಿಲ್ಲಬೇಕು, ಬೇರೆಯವರ ಬ್ಲೌಸ್ ನೋಡಲಿಕ್ಕೆ ಹೋಗಿ ನನ್ನ ಕೆನ್ನೆ ನೋಡುವುದು. 2021ರಲ್ಲಿ ತಲಪಾಡಿ ಗಡಿ ದಾಟಿ ಒಂದು ಕಡೆ ಹೋದೆ. ಅದಕ್ಕೆ ಅವರು 'ಲೇಸರ್ ಟೋನಿಂಗ್' ಅಂತಾರೆ. ಒಂದು ಸಿಟ್ಟಿಂಗಿಗೆ 3,500. ಕಣ್ಣಿಗೆ ಕಪ್ಪು ಮುಚ್ಚಳ ಇಟ್ಟು ಮುಖದ ಮೇಲೆ ಟಿಕ್ ಟಿಕ್ ಟಿಕ್ ಅಂತ ಹೊಡೆಯುತ್ತಾರೆ. ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ. ನೋವು ಅಂತ ದೊಡ್ಡದೇನಿಲ್ಲ. ಅಲ್ಲಿ ಇಲ್ಲಿ ಕೂದಲು ಸುಟ್ಟ ವಾಸನೆ.

ಎರಡು ಸಿಟ್ಟಿಂಗ್ ಆದ ಮೇಲೆ ಮುಖ ನೋಡಬೇಕಿತ್ತು! ಒಂದು ಗೃಹಪ್ರವೇಶದಲ್ಲಿ ನಾಲ್ಕು ಜನ ಕೇಳಿದರು, ಎಂಥ ಹಚ್ತೀಯಾ ಅಂತ. ನಾನು ಕಡ್ಲೆಹಿಟ್ಟು ಅಂತ ಸುಳ್ಳು ಹೇಳಿದೆ. ಆರು ಮುಗಿಯಿತು. "ಇನ್ನೂ ನಾಲ್ಕು ಮಾಡಿದರೆ ಪೂರ್ತಿ ಕ್ಲಿಯರ್" ಅಂದರು. ಅದನ್ನೂ ಮಾಡಿಸಿದೆ. ಹತ್ತನೆಯದು ಜನವರಿಯಲ್ಲಿ. ಬಿಸಿಲಿಗೆ ಹೋಗಬಾರದು ಅಂತ ಒಂದು ಚೀಟಿಯಲ್ಲಿ ಪ್ರಿಂಟ್ ಮಾಡಿ ಕೊಟ್ಟಿದ್ದರು, ಬಾಯಿಬಿಟ್ಟು ಯಾರೂ ಹೇಳಿರಲಿಲ್ಲ. ಆ ವಾರವೇ ಮಗನ ಶಾಲೆಯಲ್ಲಿ ಸ್ಪೋರ್ಟ್ಸ್ ಡೇ. ಬೆಳಗ್ಗಿನಿಂದ ಮೂರು ಗಂಟೆವರೆಗೆ ಗ್ರೌಂಡಿನಲ್ಲಿ ನಿಂತೆ.

ಒಂದು ತಿಂಗಳಲ್ಲಿ ಬಂಗು ವಾಪಸ್ ಬಂತು. ಮೊದಲಿಗಿಂತ ಗಾಢ, ಮೊದಲಿಗಿಂತ ಅಗಲ. ಅದರ ಮಧ್ಯೆ ಮಧ್ಯೆ ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆಗಳು. ಕಪ್ಪು ಬಟ್ಟೆಗೆ ಬ್ಲೀಚಿನ ಹನಿ ಬಿದ್ದರೆ ಹೇಗೆ ಕಾಣುತ್ತದೆ, ಹಾಗೆ. ನನ್ನ ಕೈಯಲ್ಲಿ ಅಂಥ ಬಟ್ಟೆ ಹಾಳಾದರೆ ನಾನು ದುಡ್ಡು ವಾಪಸ್ ಕೊಡುತ್ತೇನೆ. ಇವರು ಫೋನ್ ಎತ್ತಲಿಲ್ಲ.

ಆಮೇಲೆ ಒಬ್ಬರು ಸರಿಯಾದ ಚರ್ಮದ ಡಾಕ್ಟ್ರ ಹತ್ತಿರ ಹೋದೆ. ಅವರು ಬೈಯಲಿಲ್ಲ, ಅದೇ ದೊಡ್ಡದು. ಸನ್‌ಸ್ಕ್ರೀನ್ ಮತ್ತು ಎಂಟು ವಾರಕ್ಕೆ ಮಾತ್ರ ಒಂದು ಕ್ರೀಮ್ ಕೊಟ್ಟರು. ಆ ಕ್ರೀಮಿನಲ್ಲಿ ಸ್ಟಿರಾಯ್ಡ್ ಉಂಟು, ಎಂಟು ವಾರ ದಾಟಿಸಬೇಡಿ, ಚೀಟಿ ತೋರಿಸಿ ಮೆಡಿಕಲ್ಲಿನಲ್ಲಿ ತೆಗೊಳ್ತಾ ಹೋಗಬೇಡಿ ಅಂತ ಎರಡೆರಡು ಸಲ ಹೇಳಿದರು. ಕಪ್ಪು ಇಳಿಯಲು ಎಂಟು ತಿಂಗಳು ಬೇಕಾಯಿತು. ಬಿಳಿ ಚುಕ್ಕೆ ಒಂದೆರಡು ಇನ್ನೂ ಉಂಟು. ಒಟ್ಟು 35,000 ಖರ್ಚು ಮಾಡಿ ನಾನು ಹೊರಟಲ್ಲಿಗೇ ಬಂದು ನಿಂತೆ.

ಲೇಸರ್ ರೂಮಿನವ

ನಾನು ಮಂಜೇಶ್ವರದವ. ಮಂಗಳೂರಿನಲ್ಲಿ ಒಬ್ಬರು ಚರ್ಮದ ಡಾಕ್ಟ್ರ ಕೈಕೆಳಗೆ ಆರು ವರ್ಷ ಲೇಸರ್ ರೂಮಿನಲ್ಲಿ ಟೆಕ್ನೀಷಿಯನ್ ಆಗಿದ್ದೆ. ಡಾಕ್ಟ್ರಲ್ಲ, ಆದ್ದರಿಂದ ಇದನ್ನು ಔಷಧಿ ಚೀಟಿ ಅಂತ ತೆಗೊಳ್ಳಬೇಡಿ. ಕಂಡದ್ದು ಹೇಳುತ್ತೇನೆ.

ಲೇಸರ್ ಅಂದರೆ ಒಂದೇ ಮೆಷಿನ್ ಅಂತ ಜನ ತಿಳಿದುಕೊಂಡಿದ್ದಾರೆ. ಅಕ್ಕಿ ಗಿರಣಿಯಲ್ಲಿ ಮೆಣಸು ಹುಡಿ ಮಾಡಿಸಿದ ಹಾಗೆ ಆಗುತ್ತದೆ ಅದು. 1983ರಲ್ಲಿ ಅಮೆರಿಕದ ಆಂಡರ್ಸನ್ ಮತ್ತು ಪ್ಯಾರಿಷ್ ಅನ್ನುವ ಇಬ್ಬರು ಒಂದು ಲೆಕ್ಕ ಹಾಕಿ ತೋರಿಸಿದರು. ಚರ್ಮದಲ್ಲಿರುವ ಒಂದೊಂದು ವಸ್ತು ಒಂದೊಂದು ಬಣ್ಣದ ಬೆಳಕನ್ನು ಹೆಚ್ಚು ಹೀರುತ್ತದೆ. ಸರಿಯಾದ ಬಣ್ಣದ ಬೆಳಕನ್ನು ಸರಿಯಾದಷ್ಟೇ ಹೊತ್ತು ಕೊಟ್ಟರೆ ಆ ವಸ್ತು ಮಾತ್ರ ಕಾದು ಒಡೆಯುತ್ತದೆ, ಸುತ್ತಲಿನ ಚರ್ಮ ಉಳಿಯುತ್ತದೆ. ಚರ್ಮಕ್ಕೆ ಬಳಸುವ ಈಗಿನ ಲೇಸರ್‌ಗಳು ಹೆಚ್ಚಾಗಿ ನಿಂತಿರುವುದು ಈ ಲೆಕ್ಕದ ಮೇಲೆ. ಕಪ್ಪು ಬಣ್ಣಕ್ಕೆ ನಾವು ಜಾಸ್ತಿ ಬಳಸುತ್ತಿದ್ದದ್ದು ಕ್ಯೂ-ಸ್ವಿಚ್ಡ್ ಎನ್‌ಡಿ ಯಾಗ್ ಅನ್ನುವ ಲೇಸರ್, 1064 ನ್ಯಾನೋಮೀಟರ್ (ಬೆಳಕಿನ ಬಣ್ಣ ಹೇಳುವ ಅಳತೆ ಅದು). ಕಾರ್ಬನ್ ಡೈಆಕ್ಸೈಡ್ ಲೇಸರ್ 10,600 ನ್ಯಾನೋಮೀಟರ್. ಅದನ್ನು ಹೀರುವುದು ನೀರು, ಹಾಗಾಗಿ ಚರ್ಮವನ್ನೇ ಪದರ ಪದರವಾಗಿ ಆವಿ ಮಾಡುತ್ತದೆ. ನರುಲಿ, ಉಬ್ಬು ಗಂಟು ತೆಗೆಯಲಿಕ್ಕೆ ಅದು. ಹುಟ್ಟಿನಿಂದ ಬಂದ ಕೆಂಪು ಮಚ್ಚೆಗೆ ರಕ್ತವನ್ನು ಗುರಿ ಮಾಡುವ ಬೇರೆಯೇ ಲೇಸರ್ ಉಂಟು, 595 ನ್ಯಾನೋಮೀಟರಿನದ್ದು.

ಈಗ ಟೀಚರ ಮೂರು ಕಲೆ. ಕುತ್ತಿಗೆಯ ಸಾಸಿವೆ ಕಾಳು, ಅಮ್ಮನಿಗೂ ಉಂಟು ಅಂದಿರಿ. ಅಂಥದಕ್ಕೆ ಹೆಚ್ಚಿನ ಡಾಕ್ಟ್ರು ಲೇಸರನ್ನೇ ಮುಟ್ಟುವುದಿಲ್ಲ. ಮರಗಟ್ಟುವ ಕ್ರೀಮ್ ಹಚ್ಚಿ, ಕರೆಂಟಿನ ಸೂಜಿಯಿಂದ ಒಂದೊಂದೇ ಸುಡುತ್ತಾರೆ. ಒಂದೆರಡು ಸಲದ ಕೆಲಸ.

ಗೇರುಬೀಜದ ಗೆರೆ ಚರ್ಮ ಸುಟ್ಟು ಆಮೇಲೆ ಉಳಿದ ಕಪ್ಪು. ಬೀಜದ ಸಿಪ್ಪೆಯ ಎಣ್ಣೆಯಲ್ಲಿ ಅನಾಕಾರ್ಡಿಕ್ ಆಮ್ಲ, ಕಾರ್ಡೋಲ್ ಅನ್ನುವವು ಇರುತ್ತವೆ, ಅವೇ ಸುಡುವುದು. ಚಪ್ಪಟೆಯಾಗಿದ್ದು ಬರೀ ಬಣ್ಣ ಮಾತ್ರ ಇದ್ದರೆ ಅದು ತಿಂಗಳುಗಟ್ಟಲೆ ತೆಗೆದುಕೊಂಡು ತಾನೇ ತಿಳಿಯಾಗುತ್ತದೆ. ಅದಕ್ಕೆ ಹೋಗಿ ಮತ್ತೆ ಬಿಸಿ ಕೊಟ್ಟರೆ ಗಾಯದ ಮೇಲೆ ಬರೆ.

ಬಂಗು ಮಾತ್ರ ಹಟಮಾರಿ. ಲೇಸರ್ ಅಲ್ಲಿರುವ ಕಪ್ಪನ್ನು ಒಡೆಯುತ್ತದೆ, ಸುಳ್ಳಲ್ಲ. ಕಪ್ಪು ತಯಾರು ಮಾಡುವ ಕೋಶಗಳು ಹಾಗೇ ಕೂತಿರುತ್ತವೆ. ಬಂಗು ಇದ್ದವರಲ್ಲಿ ಅವು ಮೊದಲೇ ಸಿಟ್ಟಿನಲ್ಲಿರುತ್ತವೆ, ಬಿಸಿಲು ಸಾಕು, ಹಾರ್ಮೋನ್ ಸಾಕು. ಲೇಸರಿನ ಬಿಸಿ ಹೆಚ್ಚಾದರೆ ಇನ್ನೂ ಕೆರಳುತ್ತವೆ. ಉಪ್ಪಳದಕ್ಕನಿಗೆ ಆದದ್ದು ಇದೇ. ಬಿಳಿ ಚುಕ್ಕೆ ಬರುವುದು ಮತ್ತೆ ಮತ್ತೆ ಹೊಡೆದು ಕೆಲವು ಕಡೆ ಆ ಕೋಶಗಳೇ ಸೋತಾಗ. ನಮ್ಮ ಡಾಕ್ಟ್ರು ಬಂಗಿಗೆ ಲೇಸರ್ ಮಾಡುತ್ತಿದ್ದರು, ಆದರೆ ಕ್ರೀಮ್, ಸನ್‌ಸ್ಕ್ರೀನ್ ಎಲ್ಲ ಆಗಿ, ಕೊನೆಗೆ, ಕಡಿಮೆ ಪವರಿನಲ್ಲಿ. ಅದೂ ಮೊದಲು ಕಿವಿ ಹತ್ತಿರ ಸಣ್ಣ ಜಾಗಕ್ಕೆ ಹೊಡೆದು, ಕೆಲವು ವಾರ ಕಾದು ನೋಡಿ.

ನಮ್ಮ ಚರ್ಮದ ಬಣ್ಣವೂ ಒಂದು ವಿಷಯ. 1975ರಲ್ಲಿ ಫಿಟ್ಜ್‌ಪ್ಯಾಟ್ರಿಕ್ ಅನ್ನುವ ಡಾಕ್ಟ್ರು ಬಿಸಿಲಿಗೆ ಚರ್ಮ ಹೇಗೆ ನಡೆದುಕೊಳ್ಳುತ್ತದೆ ಅಂತ ನೋಡಿ ಗುಂಪು ಮಾಡುವ ಕ್ರಮ ತಂದರು. ಈಗ ಅದರಲ್ಲಿ ಒಂದರಿಂದ ಆರು ಗುಂಪು, ಒಂದು ಅಂದರೆ ತೀರಾ ಬಿಳಿ, ಆರು ಅಂದರೆ ತೀರಾ ಕಪ್ಪು. ನಮ್ಮೂರಿನವರು ಹೆಚ್ಚಾಗಿ ನಾಲ್ಕು, ಐದು. ಒಂದು, ಎರಡಕ್ಕೆ ಇಟ್ಟ ಪವರನ್ನು ನಮಗೆ ಇಟ್ಟರೆ ಮೇಲಿನ ಚರ್ಮವೇ ಬೆಳಕು ಹೀರಿ ಸುಡುತ್ತದೆ. ಮೆಷಿನ್ ಒತ್ತುವ ಕೈಗೆ ಇದು ಗೊತ್ತಿರಬೇಕು.

ಲೇಸರ್ ಅಂದರೆ ಮೋಸ ಅಂತ ಅಂದುಕೊಳ್ಳಬೇಡಿ. ಕಣ್ಣಿನ ಸುತ್ತ, ಕೆನ್ನೆಯ ಮೇಲೆ ನೀಲಿ-ಬೂದು ಬಣ್ಣದ ಮಚ್ಚೆ ಇರುವವರನ್ನು ನೋಡಿರಬಹುದು, ನೀವಸ್ ಆಫ್ ಓಟ ಅಂತ ಹೆಸರು. ಒಂದೇ ಬದಿ ಇರುತ್ತದೆ ಹೆಚ್ಚಾಗಿ. ಒಬ್ಬಳು ಹುಡುಗಿ ಯಾವಾಗಲೂ ಬಲಗೆನ್ನೆ ಮೇಲೆ ಕೂದಲು ಬಿಟ್ಟುಕೊಂಡು ಬರುತ್ತಿದ್ದಳು. ವರ್ಷದ ಮೇಲೆ ಹಿಡಿಯಿತು, ತಿಂಗಳುಗಳ ಅಂತರದಲ್ಲಿ ಒಂದೊಂದೇ ಸಿಟ್ಟಿಂಗ್. ಕೊನೆ ಸಲ ಬಂದಾಗ ಜಡೆ ಹಾಕಿಕೊಂಡು ಬಂದಿದ್ದಳು. ಆ ಮಚ್ಚೆಗೆ ಕ್ರೀಮ್ ಯಾವುದೂ ನಾಟುವುದಿಲ್ಲ, ಲೇಸರೇ ಮದ್ದು.

ಹೋಗುವಾಗ ಬೋರ್ಡ್ ನೋಡಿ. ಎಂ.ಡಿ. ಅಥವಾ ಡಿಪ್ಲೊಮಾ, ಪಕ್ಕದಲ್ಲಿ ಡಿ.ವಿ.ಎಲ್. (ಚರ್ಮರೋಗ, ಲೈಂಗಿಕ ರೋಗ, ಕುಷ್ಠರೋಗದ ಓದು) ಅಂತ ಇರಬೇಕು. ಬರೀ ಕಾಸ್ಮೆಟಾಲಜಿಸ್ಟ್ ಅಂತ ಇದ್ದರೆ ಇನ್ನು ಮೂರು ಪ್ರಶ್ನೆ ಕೇಳಿ. ಮೆಷಿನ್ ಯಾವುದು, ಒತ್ತುವವರು ಯಾರು, ಸುಟ್ಟರೆ ಅದೇ ದಿನ ಯಾರು ನೋಡುತ್ತಾರೆ. ಮೊದಲ ದಿನವೇ ಅಡ್ವಾನ್ಸ್ ಕೇಳಿದವರ ಹತ್ತಿರ ಈ ಮೂರಕ್ಕೆ ಉತ್ತರ ಇರುವುದು ನಾನಂತೂ ಕಂಡಿಲ್ಲ.

ಚೌಕಿಯಿಂದ

ನಾನು ಯಕ್ಷಗಾನ ಮೇಳದಲ್ಲಿ ವೇಷ ಮಾಡುವವ. ಆರು ತಿಂಗಳು ದಿನಾ ರಾತ್ರಿ ಮುಖಕ್ಕೆ ಬಣ್ಣ, ಬೆಳಗ್ಗೆ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ ತೆಗೆಯುವುದು. ಕಲೆ ವಿಷಯದಲ್ಲಿ ನಮ್ಮನ್ನು ಕೇಳಿ!

ಒಂದೇ ಮಾತು ಸೇರಿಸುತ್ತೇನೆ. ಮೂಗಿನ ಪಕ್ಕ ನನಗೊಂದು ಕಪ್ಪು ಮಚ್ಚೆ ಇತ್ತು. ಬಣ್ಣ ಉಜ್ಜುವಾಗ ಒಂದೆರಡು ಸಲ ರಕ್ತ ಬಂತು, ಸ್ವಲ್ಪ ದೊಡ್ಡದೂ ಆಯಿತು. ಲೇಸರಿನಲ್ಲಿ ಸುಟ್ಟುಬಿಡಿ ಅಂತ ಡಾಕ್ಟ್ರಿಗೆ ಹೇಳಿದೆ. ಅವರು ಒಪ್ಪಲೇ ಇಲ್ಲ. ಬೆಳೆಯುವ ಮಚ್ಚೆ, ರಕ್ತ ಬರುವ ಮಚ್ಚೆಯನ್ನು ಸುಟ್ಟರೆ ಪರೀಕ್ಷೆಗೆ ಕಳಿಸಲಿಕ್ಕೆ ಏನೂ ಉಳಿಯುವುದಿಲ್ಲ, ಒಳಗೆ ಕ್ಯಾನ್ಸರ್ ಇದ್ದರೆ ಗೊತ್ತೇ ಆಗುವುದಿಲ್ಲ ಅಂದರು. ಕತ್ತರಿಸಿ ಲ್ಯಾಬಿಗೆ ಕಳಿಸಿದರು. ರಿಪೋರ್ಟ್ ಬರುವವರೆಗೆ ನಿದ್ದೆ ಇಲ್ಲ. ಬಂತು, ಎಂಥದೂ ಇಲ್ಲ. ಎರಡು ಹೊಲಿಗೆ ಹಾಕಿದ ಗುರುತು ಈಗ ನನಗೇ ಹುಡುಕಬೇಕು.

ಮತ್ತೆ ಟೈಮಿನ ವಿಷಯ. ನಾನು ಮಾಡಿಸಿದ್ದು ಮೇ ಕೊನೆಯ ಪತ್ತನಾಜೆ ಕಳೆದು, ಮೇಳ ತಿರುಗಾಟ ನಿಲ್ಲಿಸಿ ಒಳಗಾದ ಮೇಲೆ. ಬಣ್ಣವೂ ಇಲ್ಲ, ಬಿಸಿಲೂ ಇಲ್ಲ. ನೀವು ಮೇ ತಿಂಗಳ ಮದುವೆಗೆ ಫೆಬ್ರವರಿ, ಮಾರ್ಚಿನಲ್ಲಿ ಮುಖಕ್ಕೆ ಲೇಸರ್ ಅಂತೀರಲ್ಲ, ನಮ್ಮ ಬಿಸಿಲು ಗೊತ್ತುಂಟಲ್ಲ ಟೀಚರೇ?

ಬದಿಯಡ್ಕದ ಟೀಚರ್ (ಒಂದು ತಿಂಗಳ ನಂತರ)

ಎಲ್ಲರಿಗೂ ಥ್ಯಾಂಕ್ಸ್. ಆದದ್ದು ಹೇಳಿ ಹೋಗುತ್ತೇನೆ.

ಶನಿವಾರ ಕುಂಬಳೆಯಿಂದ ರೈಲು ಹತ್ತಿ ಮಂಗಳೂರಿಗೆ ಹೋದೆ. ಡಾಕ್ಟ್ರಮ್ಮ, ಬೋರ್ಡಿನಲ್ಲಿ ಡಿ.ವಿ.ಎಲ್. ಉಂಟು, ಓದಿಯೇ ಒಳಗೆ ಹೋದದ್ದು. ಲೈಟ್ ಆರಿಸಿ ನೀಲಿ ಬೆಳಕಿನ ಒಂದು ದೀಪ ಮುಖಕ್ಕೆ ಹಿಡಿದರು. ಬಂಗು ಎಷ್ಟು ಆಳ ಇದೆ ಅಂತ ಅಂದಾಜಿಗೆ ಅಂತೆ. ನನ್ನದು ಸ್ವಲ್ಪ ಮೇಲೆ, ಸ್ವಲ್ಪ ಆಳದಲ್ಲಿ, ಮಿಶ್ರ. ಆಮೇಲೆ ಶುರುವಾಯಿತು ನೋಡಿ ಪ್ರಶ್ನೆ. ಗರ್ಭನಿರೋಧಕ ಮಾತ್ರೆ ತೆಗೊಳ್ತೀರಾ? ಥೈರಾಯ್ಡ್ ಉಂಟಾ? ಅಡುಗೆ ಗ್ಯಾಸಾ ಸೌದೆಯಾ? ಅಡುಗೆ ಗ್ಯಾಸೇ, ಆದರೆ ದಿನಾ ಬೆಳಗ್ಗೆ ಬಚ್ಚಲೊಲೆಗೆ ಅಡಿಕೆ ಸಿಪ್ಪೆ ತುಂಬಿ ಊದುವುದು ನಾನೇ ಅಂದೆ. ಅವರು ಪೆನ್ನು ಕೆಳಗಿಟ್ಟರು. ಬಿಸಿಲಿನ ಹಾಗೆ ಬೆಂಕಿಯ ಝಳವೂ ಬಂಗಿಗೆ ಆಗುವುದಿಲ್ಲವಂತೆ. ಒಂಬತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ ಇದನ್ನು. ಈಗ ಒಲೆ ಮನೆಯವರ ಪಾಲಿಗೆ. ಹೊಗೆಗೆ ಕೆಮ್ಮುತ್ತಾ ಬಂದು "ಚೆನ್ನಾಗೇ ಇದ್ದೀಯಲ್ಲ" ಅಂತ ಈಗ ಹೇಳುವುದಿಲ್ಲ.

ಬಂಗಿಗೆ ಲೇಸರ್ ಸದ್ಯಕ್ಕೆ ಬೇಡ ಅಂದರು. ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ ಅಂತ ಒಂದುಂಟು, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ ಕಾಯಿಲೆ ಉಂಟಾ ಅಂತ ಕೇಳಿದರು. ಚಿಕ್ಕಮ್ಮನಿಗೆ ಕಾಲಿನಲ್ಲಿ ಆಗಿತ್ತು. ಹಾಗಾದರೆ ಅದೂ ಬೇಡ ಅಂತ ಹೊಡೆದು ಹಾಕಿದರು. ರಾತ್ರಿಗೆ ಒಂದು ಕ್ರೀಮ್, ಹಗಲಿಗೆ ಸನ್‌ಸ್ಕ್ರೀನ್. ಸನ್‌ಸ್ಕ್ರೀನ್ ಬಣ್ಣದ್ದೇ ಆಗಬೇಕಂತೆ, ಕಣ್ಣಿಗೆ ಕಾಣುವ ಬೆಳಕೂ ಬಂಗು ಕಪ್ಪು ಮಾಡುತ್ತದೆ, ಆ ಬಣ್ಣದಲ್ಲಿರುವ ಐರನ್ ಆಕ್ಸೈಡ್ ಅದನ್ನು ತಡೆಯುತ್ತದೆ. ಎರಡು ಬೆರಳಿನ ಉದ್ದಕ್ಕೆ ಹಿಂಡಿ ಹಚ್ಚಬೇಕು. ನಾನು ಇಷ್ಟು ದಿನ ಕಡಲೆಕಾಳಿನಷ್ಟು ಹಚ್ಚುತ್ತಿದ್ದೆ. ಈಗ ಹನ್ನೊಂದೂವರೆಗೆ ಇಂಟರ್ವಲ್ಲಿನಲ್ಲಿ ಇನ್ನೊಂದು ಸಲ. ಮೂರನೇ ಕ್ಲಾಸಿನ ಹುಡುಗ ಒಬ್ಬ ಜೋರಾಗಿ ಕೇಳಿದ, "ಟೀಚರ್, ನೀವು ಆಟಕ್ಕೆ ಹೋಗ್ತೀರಾ?" ಯಕ್ಷಗಾನಕ್ಕೆ ಅಂತ! ಚೌಕಿಯಣ್ಣ, ನಿಮ್ಮ ನೆನಪಾಯಿತು.

ಗೇರುಬೀಜದ ಗೆರೆ ಮುಟ್ಟಲೇ ಇಲ್ಲ. ಕಾಯಿರಿ ಅಂದರು.

ಕುತ್ತಿಗೆಯದ್ದು ಅವತ್ತೇ ತೆಗೆದರು. ಮೊದಲು ಫಾರ್ಮ್ ಕೊಟ್ಟರು, ಇಂಗ್ಲಿಷಿನಲ್ಲಿತ್ತು. ಓದಿ ಹೇಳಿ ಅಂದೆ. ಡಾಕ್ಟ್ರಮ್ಮ ಒಂದೊಂದೇ ಸಾಲು ಕನ್ನಡದಲ್ಲಿ, ಸಿಗದ ಕಡೆ ತುಳುವಿನಲ್ಲಿ ಹೇಳಿದರು. ಐದು ನಿಮಿಷ ಹಿಡಿಯಿತು, ಅಷ್ಟೇ. ಮರಗಟ್ಟುವ ಕ್ರೀಮ್ ಹಚ್ಚಿ ಮುಕ್ಕಾಲು ಗಂಟೆ ಕೂರಿಸಿ, ಸೂಜಿಯಿಂದ ಚುರ್ ಚುರ್ ಅಂತ ಮೂವತ್ತೆರಡು ಸುಟ್ಟರು. ಎಣಿಸಿದ್ದು ನಾನೇ, ಬೇರೆ ಕೆಲಸ ಇರಲಿಲ್ಲ. 2,800 ಆಯಿತು. ವಾರದಲ್ಲಿ ಕಪ್ಪು ಹಕ್ಕಳೆ ಎದ್ದು ತಾನಾಗಿ ಉದುರಿತು. ಕೈ ತುರಿಸುತ್ತಿತ್ತು ಕೀಳಲಿಕ್ಕೆ, ಕೀಳಲಿಲ್ಲ. ಈಗ ಅಲ್ಲಿ ತಿಳಿ ಗುಲಾಬಿ ಚುಕ್ಕೆಗಳು, ಅದಕ್ಕೂ ಸನ್‌ಸ್ಕ್ರೀನ್.

ಬಂಗು ಹೋಗಿದೆಯಾ ಅಂತ ಕೇಳಬೇಡಿ. ಒಂದು ತಿಂಗಳಲ್ಲಿ ಅಂಚು ಸ್ವಲ್ಪ ಮಸುಕಾಗಿದೆ. ಮದುವೆ ಫೋಟೋದಲ್ಲಿ ಇರುತ್ತದೆ, ಇರಲಿ.

ಆ ಕ್ಲಿನಿಕ್ಕಿನಿಂದ ಈಗಲೂ ವಾಟ್ಸಾಪ್ ಬರುತ್ತದೆ, ಆಫರ್ ನಾಳೆಯೇ ಕೊನೆ ಅಂತ. ಇದು ಐದನೇ ನಾಳೆ.

ಅಡ್ಕದ ಮನೆಯ ಅಣ್ಣ, ಅತ್ತಿಗೆ ಹೇಗಿದ್ದಾರೆ? ಡಬ್ಬಿ ಬಿಸಾಡಿದಿರಾ?

ಉಪ್ಪಳದಕ್ಕ, ನಿಮ್ಮ ಅಂಗಡಿ ಸ್ಟೇಷನ್ನಿನ ಯಾವ ಬದಿಗೆ? ಮದುವೆಗೆ ಒಂದು ಬ್ಲೌಸ್ ಹೊಲಿಸಬೇಕು. ಕಾಲರ್ ನೆಕ್ ಬೇಡ.

ಉಪ್ಪಳದಕ್ಕ

ಸ್ಟೇಷನ್ನಿನಿಂದ ಹೊರಗೆ ಬಂದು ಫೋನ್ ಮಾಡಿ, ಮಗನನ್ನು ಕಳಿಸುತ್ತೇನೆ. ಅಳತೆಗೆ ಹಳೇ ಬ್ಲೌಸ್ ಒಂದು ತನ್ನಿ. ಏಪ್ರಿಲ್ ಹತ್ತರ ಮೇಲೆ ಬಂದರೆ ಕೈಯಲ್ಲಿ ಆಗುವುದಿಲ್ಲ, ಈಗಲೇ ಹೇಳಿದ್ದೇನೆ.